ಅಕ್ಕನ ಸೀನು

ನಮ್ಮ ಮನೆಯಲ್ಲಿ ದೇವರ ಜಗಲಿಗಿಂತ ಹೆಚ್ಚು ಜೋಪಾನ ಮಾಡಿದ್ದು ಅಕ್ಕನ ಮೂಗನ್ನು. ಹೀಗೆಂದರೆ ನನ್ನ ಮಕ್ಕಳು ನಗುತ್ತಾರೆ. ನಗಲಿ, ಅವರಿಗೇನು ಗೊತ್ತು. ಮನೆಯಲ್ಲಿ ಯಾರಾದರೂ ಸೀನಿದರೆ ಈಗಲೂ ನನ್ನ ಎದೆ ಧಸಕ್ಕೆನ್ನುತ್ತದೆ, ಕೈಯಲ್ಲಿದ್ದ ಕೆಲಸ ಅಲ್ಲೇ ನಿಲ್ಲುತ್ತದೆ. ಮದುವೆಯಾದ ಹೊಸದರಲ್ಲಿ ನನ್ನ ಗಂಡ ಇದನ್ನು ಅಪಶಕುನದ ಭಯ ಅಂದುಕೊಂಡಿದ್ದರು. ಶಕುನಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ರಾಯಚೂರಿನ ಎರಡು ಕೋಣೆಯ ತಗಡಿನ ಮನೆಯೊಂದರಲ್ಲಿ ನಾನು ಐದನೇ ಕ್ಲಾಸಿನಲ್ಲಿದ್ದಾಗ ಕಲಿತ ಭಯ, ಮಗ್ಗಿಯ ಜೊತೆಗೇ ಬಾಯಿಪಾಠವಾದದ್ದು.

ಆ ಮನೆ ಕಾಲೇಜಿನ ಹಿಂದಿನ ಕಾಂಪೌಂಡಿಗೆ ಬೆನ್ನು ಕೊಟ್ಟುಕೊಂಡಿತ್ತು. ಕಾಲೇಜಿನವರು ತಮ್ಮ ಕೆಳಗಿನ ನೌಕರರಿಗೆಂದು ಕಟ್ಟಿಸಿದ ಸಾಲುಮನೆಗಳಲ್ಲಿ ಕೊನೆಯದು. ಮುಂದಿನ ಕೋಣೆಯಲ್ಲಿ ಅಪ್ಪನ ಹಗ್ಗದ ಮಂಚ, ಒಂದು ತಗಡಿನ ಟ್ರಂಕು, ಅಕ್ಕನ ಪುಸ್ತಕದ ಗೂಡು. ಹಿಂದಿನ ಕೋಣೆಯಲ್ಲಿ ಅಡುಗೆ, ದೇವರು, ಜೋಳದ ಚೀಲ ಮತ್ತು ಹೆಂಗಸರಾದ ನಾವು. ಬೇಸಿಗೆಯ ಮಧ್ಯಾಹ್ನ ಮೇಲಿನ ತಗಡು ಕಾದರೆ ಒಳಗೆ ಕೂತವರು ಹಂಚಿನ ಮೇಲಿನ ರೊಟ್ಟಿಯಂತೆ ಮಗ್ಗಲು ಬದಲಿಸುತ್ತಿರಬೇಕು. ಅಡುಗೆಯ ಮುಂದೆ ಕೂತವರಿಗೆ ಹಿತ್ತಲ ಬಾಗಿಲಿನಾಚೆ, ಕಾಂಪೌಂಡಿನ ಒಡಕಿನಲ್ಲಿ, ಕೆಮಿಸ್ಟ್ರಿ ಲ್ಯಾಬಿನ ಕಿಟಕಿಗಳು ಕಾಣುತ್ತಿದ್ದವು. ಅವ್ವ ರೊಟ್ಟಿ ಬಡಿಯುತ್ತಲೇ ಒಂದು ಕಣ್ಣು ಅತ್ತ ಇಟ್ಟಿರುತ್ತಿದ್ದಳು. ಅಪ್ಪ ಆ ಲ್ಯಾಬಿನ ಅಟೆಂಡರ್.

ಅಪ್ಪ ಹನುಮಂತ ಮಾನ್ವಿ ತಾಲೂಕಿನ ಮಲ್ಲಟದವನು. ಅವನ ಅಪ್ಪ-ಅವ್ವ ಕಂಡವರ ಹೊಲದಲ್ಲಿ ಕೂಲಿ ಮಾಡಿದವರು. ತಿಂಗಳ ಪಗಾರ ಎಂಬುದನ್ನು ನಮ್ಮ ಮನೆತನದಲ್ಲಿ ಮೊದಲು ಕಂಡವನು ಅವನೇ. ಗಾಜಿನ ಸಾಮಾನು ತೊಳೆಯುವುದು, ಬಾಟಲಿಗಳಿಗೆ ಆ್ಯಸಿಡ್ ತುಂಬುವುದು, ಹುಡುಗರ ಬರ್ನರುಗಳಿಗೆ ಗ್ಯಾಸ್ ಬಿಡುವುದು ಅವನ ಕೆಲಸ. ಅದರ ಜೊತೆಗೆ, ಮೂರು ಗಾಜಿನ ಗುಂಡುಗಳನ್ನು ಒಂದರ ಮೇಲೊಂದು ಕೂಡಿಸಿದಂಥ ಪಾತ್ರೆಯಲ್ಲಿ ಕೊಳೆತ ತತ್ತಿಯಂತೆ ನಾರುವ ಒಂದು ಗಾಳಿಯನ್ನು ಅವನು ತಯಾರಿಸಿ ಕೊಡಬೇಕಿತ್ತು. ಹುಡುಗರು ಅದರಿಂದ ಯಾವ ಉಪ್ಪಿನಲ್ಲಿ ಏನಿದೆ ಎಂದು ಪರೀಕ್ಷೆ ಮಾಡುತ್ತಿದ್ದರು. ಆ ನಾತ ಅಪ್ಪನ ಅಂಗಿಗೆ ಅಂಟಿ ಬರುತ್ತಿತ್ತು. ಅವ್ವ ಅಂಗಳದ ಬೇವಿನ ಗಿಡಕ್ಕೆ ಒಂದು ಮೊಳೆ ಹೊಡೆದಿದ್ದಳು. ಅಂಗಿ ಅಲ್ಲಿ, ಅಪ್ಪ ನೇರ ಬಚ್ಚಲಿಗೆ, ಆಮೇಲೆ ಮನೆಯೊಳಗೆ. ಹಾಗೆ ಮಿಂದು ಬಂದು ಹೊಸ್ತಿಲ ಮೇಲೆ ನಿಂತು ಮೂಗು ಎತ್ತಿ, ಒಳಗೆ ಏನು ಬೇಯುತ್ತಿದೆ ಎಂದು ಹೇಳುವುದು ಅಪ್ಪನ ದಿನದ ಆಟ.

“ಪುಂಡಿಪಲ್ಲಿ. ಘಮ್ ಅಂತದ. ಬಳ್ಳೊಳ್ಳಿ ಒಂದೀಟು ಜಾಸ್ತಿ ಆಗ್ಯಾದ.”

ಅವ್ವ ಒಳಗಿನಿಂದಲೇ, “ಮೂಗಲ್ಲ ಅದು, ಬೇಹುಗಾರ,” ಅನ್ನುತ್ತಿದ್ದಳು. ನಾವು ನಗುತ್ತಿದ್ದೆವು. ಆ ಮನೆಯಲ್ಲಿ ಭಯವಿಲ್ಲದೆ ನಕ್ಕ ದಿನಗಳು ಅವು.

ಅಕ್ಕ ಶಾಂತಾ ಪಿಯುಸಿ ಪಾಸಾದಾಗ ದೇವದುರ್ಗದ ಕಡೆಯ ಜಾಲಹಳ್ಳಿಯಿಂದ ಸೋದರಮಾವ ಶೇಂಗಾ ಚೀಲ ಹೊತ್ತುಕೊಂಡು ಬಂದು, ಕೂತವನೇ ಒಬ್ಬ ಹುಡುಗನ ವಿಷಯ ತೆಗೆದ. ಡಿಗ್ರಿಯ ಫೀ ಕಟ್ಟುವುದು ಅಪ್ಪನ ಪಗಾರಕ್ಕೆ ಆಗದ ಮಾತು ಎಂಬುದು ಅವನಿಗೂ ಗೊತ್ತಿತ್ತು. ಆದರೆ ನಮ್ಮ ಕಾಲೇಜಿನಲ್ಲಿ ಒಂದು ನಿಯಮವಿತ್ತು: ಪ್ರಿನ್ಸಿಪಾಲರಿಂದ ಹಿಡಿದು ಕಸ ಗುಡಿಸುವವರ ತನಕ, ಅಲ್ಲಿ ದುಡಿಯುವವರ ಮಕ್ಕಳು ಅಲ್ಲೇ ಓದಿದರೆ ಫೀ ಮಾಫಿ. ಅಕ್ಕನನ್ನು ಬಿಎಸ್ಸಿಗೆ ಸೇರಿಸಿದ ದಿನ ಅಪ್ಪ ಹೊಸ ಅಂಗಿ ಹಾಕಿದ್ದ. ಆಫೀಸಿನ ಸುಪರಿಂಟೆಂಡೆಂಟರು ಸಹಿ ಹಾಕಿಸಿಕೊಂಡು ಹೇಳಿದ ಮಾತನ್ನು ಅವನು ಮನೆಗೆ ಬಂದು ಅವರದೇ ದನಿಯಲ್ಲಿ ಹೇಳಿ ತೋರಿಸಿದ.

“ಹನುಮಂತ, ನಿನ್ನ ನೌಕರಿ ಇರೋತನ ಮಗಳ ಫೀ ಮಾಫ್. ನೌಕರಿ ಹೋದ ದಿನ ಮಾಫಿನೂ ಹೋತು. ಹುಷಾರಿಂದ ಇರು.”

ಅಪ್ಪ ಇದನ್ನು ತಮಾಷೆಗೆ ಹೇಳಿದ್ದ. ಅವ್ವ ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಮರುದಿನದಿಂದ ‘ನೌಕರಿ ಇರೋತನ’ ಎಂಬುದೇ ನಮ್ಮ ಮನೆಯ ಕಾಯಿದೆಯಾಯಿತು. ನಾನು ಬೇವಿನ ಗಿಡ ಹತ್ತುವಂತಿಲ್ಲ; ಬಿದ್ದು ಕಾಲು ಮುರಿದುಕೊಂಡರೆ ಅಪ್ಪ ರಜೆ ಹಾಕಬೇಕು, ರಜೆ ಹಾಕಿದರೆ ನೌಕರಿ ಏನಾದೀತು. ಪಕ್ಕದ ಮನೆಯ ಕ್ಲರ್ಕಿನ ಮಗಳು ನನ್ನ ಜಡೆ ಎಳೆದರೆ ನಾನು ತಿರುಗಿ ಎಳೆಯುವಂತಿಲ್ಲ, ಅವರಪ್ಪ ಆಫೀಸಿನವರು. ಅಪ್ಪ ದನಿಯೇರಿಸಿ ನಕ್ಕರೂ ಅವ್ವ ಹಿತ್ತಲ ಬಾಗಿಲು ಹಾಕುವಳು. ಜಗಳವಾಡುವುದಿದ್ದರೆ ಇಬ್ಬರೂ ಪಿಸುಮಾತಿನಲ್ಲಿ ಜಗಳವಾಡುತ್ತಿದ್ದರು. ಬಿಟ್ಟಿ ಬಂದ ಎಮ್ಮೆಯ ಹಲ್ಲು ಎಣಿಸಬಾರದು ಅನ್ನುತ್ತಾರೆ. ಅವ್ವ ಎಣಿಸುತ್ತಿರಲಿಲ್ಲ, ಅದು ಎಂದು ಹಗ್ಗ ಬಿಚ್ಚಿಕೊಂಡು ಓಡೀತೋ ಎಂದು ಕಾಯುತ್ತಿದ್ದಳು.

ಅವಳ ಭಯಕ್ಕೆ ಕಾರಣ ಸಿಕ್ಕಿದ್ದು ದಸರೆ ರಜೆಯಲ್ಲಿ, ಒಂದು ಸತ್ತ ಇಲಿಯಿಂದ. ಮುಂದಿನ ಕೋಣೆಯಲ್ಲಿ ಕಾಲಿಡಲಾಗದಂಥ ನಾತ. ಅಕ್ಕ ಮೂಗಿಗೆ ಓಢಣಿ ಒತ್ತಿಕೊಂಡು ಗೂಡು, ಮಂಚದ ಕೆಳಗು ಎಲ್ಲ ಹುಡುಕುತ್ತಿದ್ದಳು. ಅಪ್ಪ ಟ್ರಂಕಿಗೆ ಒರಗಿ ಕೂತು ಶೇಂಗಾ ಹಿಂಡಿಗೆ ಎಣ್ಣೆ ಕಲಸಿಕೊಂಡು ರೊಟ್ಟಿ ತಿನ್ನುತ್ತಿದ್ದ.

“ಯಪ್ಪಾ, ನಾರಾಕತ್ತದ ಅಲ್ಲ?” ಅಂದೆ ನಾನು.

“ಏನು?” ಅಂದ ಅಪ್ಪ, ಇನ್ನೊಂದು ತುತ್ತು ಮುರಿಯುತ್ತ.

ಇಲಿ ಅದೇ ಟ್ರಂಕಿನ ಕೆಳಗೆ, ಅವನ ಬೆನ್ನಿನಿಂದ ಗೇಣು ದೂರದಲ್ಲಿ ಸಿಕ್ಕಿತು. ಅಪ್ಪನ ಮುಖದಲ್ಲಿ ಒಂದು ಸುಕ್ಕೂ ಇರಲಿಲ್ಲ. ಆ ಮುಖವನ್ನು ನಾನು ಮರೆತಿಲ್ಲ. ಮುಂದೆ ಇನ್ನೊಂದು ಕಡೆ ಅದನ್ನು ಮತ್ತೆ ಕಂಡೆ. ಸಂಜೆ ಅಪ್ಪ ದೇವರ ಮುಂದೆ ಕಣ್ಣು ಮುಚ್ಚಿ ಕೂತಿದ್ದಾಗ ಅವ್ವ ಇಂಗಿನ ಡಬ್ಬಿಯ ಮುಚ್ಚಳ ತೆಗೆದು ಅವನ ಮೂಗಿನ ಕೆಳಗೆ ಹಿಡಿದಳು. ಅಪ್ಪ ಅಲುಗಲಿಲ್ಲ. ಸೀಮೆಎಣ್ಣೆಯ ಅರಿವೆ ಹಿಡಿದಳು. ಅಪ್ಪ ಮಂತ್ರ ಮುಗಿಸಿ ಕಣ್ಣು ಬಿಟ್ಟಾಗ ಎದುರಿಗೆ ಅರಿವೆ ಹಿಡಿದ ಅವ್ವ ಇದ್ದಳು.

“ಯಾವಾಗಿಂದ?” ಅಂದಳು ಅವ್ವ.

“ಗೊತ್ತಿಲ್ಲ. ಒಮ್ಮೆಗೇ ಹೋಗಿಲ್ಲ. ಸಾವಕಾಶ ಹೋತು. ಆ ಗಾಳಿ ಕುಡಿದು ಕುಡಿದು ಹೋಗಿರಬೇಕು.”

“ನಿನ್ನಿ ಪಲ್ಲಿ ಘಮ್ ಅಂತದ ಅಂದ್ರೆಲ್ಲ.”

“ದಿನಾ ಅಂತಿದ್ನೆಲ್ಲ, ಅದಕ್ಕ ಅಂದೆ. ಪುಂಡಿ ಸೊಪ್ಪು ಬಿಡಿಸಿದ್ದು ಅಂಗಳದಾಗ ಬಿದ್ದಿತ್ತು.”

ಅವ್ವ ಗೋಡೆ ಹಿಡಿದು ಕೂತಳು. ಯಾಕೆಂದು ನನಗೆ ಅರ್ಥವಾಗಿದ್ದು ಅಪ್ಪನೇ ಹೇಳಿದ ಮೇಲೆ. ದಿನಾ ಬೆಳಿಗ್ಗೆ ಅವನು ಲ್ಯಾಬಿನ ದೊಡ್ಡ ವಾಲ್ವ್ ತಿರುಗಿಸಿ ಮೇಜುಗಳಿಗೆ ಗ್ಯಾಸ್ ಬಿಡಬೇಕು, ಬಿಟ್ಟು ಒಂದೊಂದು ನಳದ ಹತ್ತಿರವೂ ಮೂಸಿ ಸೋರುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಆಮೇಲೆ ಹುಡುಗರು ಕಿಸೆಯಲ್ಲಿ ಕಡ್ಡಿಪೆಟ್ಟಿಗೆ ಇಟ್ಟುಕೊಂಡು ಒಳಗೆ ಬರುತ್ತಾರೆ. ಆ ಹುಡುಗರಲ್ಲಿ ಅಕ್ಕನೂ ಒಬ್ಬಳು.

“ನಾಳೆ ಹೋಗಿ ಹೇಳಿಬಿಡ್ತೀನಿ,” ಅಂದ ಅಪ್ಪ. “ಕಣ್ಣಿಲ್ಲದ ಡ್ರೈವರ್ ಕೈಗೆ ಬಸ್ ಕೊಟ್ಟಂಗ ಆಗ್ಯಾದ.”

“ಹೇಳಿದ್ರ ಮೂಗಿಲ್ಲದಾವನ್ನ ಇಟ್ಕೊತಾರೇನ್ರಿ? ಈಕಿ ಓದು ಅರ್ಧಕ್ಕ ನಿಲ್ತದ. ನಮ್ಮಣ್ಣ ಜಾಲಹಳ್ಳ್ಯಾಗ ಕಾಯಾಕತ್ತಾನ.”

ಅಕ್ಕ ಅಲ್ಲಿಯತನಕ ಬಾಗಿಲಿಗೆ ಆತು ನಿಂತಿದ್ದಳು. ಮೆತ್ತನೆಯ ಹುಡುಗಿ, ಒಂದು ಮಾತು ಕೇಳಬೇಕಾದರೆ ಎರಡು ಸಲ ಕರೆಯಬೇಕು. ಆ ದಿನ ತಾನಾಗಿ ಮಾತಾಡಿದಳು.

“ನಾ ಬರ್ತೀನಿ ಯಪ್ಪಾ, ದಿನಾ ಮುಂಜಾನಿ. ನನ್ನ ಮೂಗು ಅದ ಅಲ್ಲ.”

ಹಾಗೆ ನಮ್ಮ ಮನೆಯ ಹೊಸ ದಿನಚರಿ ಶುರುವಾಯಿತು. ಬೆಳಿಗ್ಗೆ ಯಾರೂ ಬರುವ ಮೊದಲು ಅಪ್ಪ ಮತ್ತು ಅಕ್ಕ ಕಾಂಪೌಂಡಿನ ಒಡಕಿನಿಂದ ನುಸುಳಿ ಹೋಗುವರು. ಅಪ್ಪ ವಾಲ್ವ್ ತಿರುಗಿಸಿ ಬಾಗಿಲಲ್ಲಿ ನಿಲ್ಲುವನು, ಅಕ್ಕ ಮೇಜಿನ ಸಾಲುಗಳಲ್ಲಿ ನಳನಳಕ್ಕೂ ಬಗ್ಗುತ್ತ ನಡೆಯುವಳು. ವಾಸನೆ ಬಂದರೆ ಕೆಮ್ಮಬೇಕು, ಅಪ್ಪ ಕೂಡಲೇ ಬಂದ್ ಮಾಡಬೇಕು. ಯಾರಾದರೂ ಬಂದುಬಿಟ್ಟರೆ ಅಪ್ಪ ಬೇರೆ ಹುಡುಗಿಯರಿಗೆ ಅನ್ನುವಂತೆ, “ಯವ್ವಾ, ಇನ್ನೂ ಟೈಮ್ ಆಗಿಲ್ಲ, ಹೊರಗ ಕುಂದ್ರು,” ಅನ್ನುವನು. ಅಕ್ಕ ಅವನನ್ನು ಅಲ್ಲಿ ಅಪ್ಪಾ ಅಂತ ಕರೆಯುತ್ತಿರಲಿಲ್ಲ. ನಾಚಿಕೆಗಲ್ಲ, ಅಪ್ಪ-ಮಗಳು ಬೆಳಿಗ್ಗೆ ಬೆಳಿಗ್ಗೆ ಇಲ್ಲೇನು ಮಾಡುತ್ತಿದ್ದಾರೆ ಎಂದು ಯಾರೂ ಕೇಳಬಾರದೆಂದು. ಅವರು ಹೋದ ಮೇಲೆ ಅವ್ವ ಹಿತ್ತಲ ಬಾಗಿಲಲ್ಲಿ ನಿಂತು ಆ ಕಿಟಕಿಗಳನ್ನೇ ನೋಡುತ್ತಿದ್ದಳು. ಅಕ್ಕ ವಾಪಸು ಬರುವ ತನಕ ಸ್ಟೋವ್ ಹಚ್ಚುತ್ತಿರಲಿಲ್ಲ. ಇಲ್ಲಿ ಕಡ್ಡಿ ಗೀರಿದರೆ ಅಲ್ಲಿ ಏನಾದರೂ ಆದೀತು ಎಂಬಂತೆ.

ಇನ್ನು ಅಕ್ಕನ ಮೂಗಿನ ಆರೈಕೆ. ಸೌತೆಕಾಯಿ ಬಂದ್, ಪೇರಲ ಬಂದ್, ಸಂಜೆಯ ಮೇಲೆ ಮಜ್ಜಿಗೆ ಬಂದ್. ರಾಯಚೂರಿನ ಬಿಸಿಲಿನಲ್ಲಿ ಮಡಕೆಯ ತಣ್ಣೀರು ನಮಗೆಲ್ಲ, ಅಕ್ಕನಿಗೆ ಮಾತ್ರ ಕಾಯಿಸಿ ಆರಿಸಿದ್ದು. ಅವ್ವ ಹಂಚಿನ ಮೇಲೆ ಅಜವಾನ ಹುರಿದು ಬಿಳಿ ಅರಿವೆಯಲ್ಲಿ ಗಂಟು ಕಟ್ಟಿ ಕೊಡುವಳು, ಅಕ್ಕ ಅದನ್ನು ಆಗಾಗ ಮೂಸುತ್ತಿರಬೇಕು. ಅವಳ ಪುಸ್ತಕ, ಓಢಣಿ, ಜಡೆ ಎಲ್ಲಕ್ಕೂ ಅಜವಾನದ ಘಾಟು. ಅಕ್ಕ ಒಂದು ಸಲ ಸೀನಿದರೆ ಅವ್ವ ಬಡಿಯುತ್ತಿದ್ದ ರೊಟ್ಟಿ ಬಿಟ್ಟು ಹಿಟ್ಟಿನ ಕೈಯಲ್ಲೇ ಓಡಿ ಬರುವಳು.

“ಕಣ್ಣ ಮುಚ್ಚು. ಇದು ಏನು?”

“ಇಂಗು.”

“ಇದು?”

“ಕೊತ್ತಂಬರಿ ಬೀಜ. ಬಿಡು ಬೇ, ಬರೇ ಒಂದು ಸೀನು.”

“ಒಂದರಿಂದನ ಶುರು ಆಗೂದು.”

ಆ ಪರೀಕ್ಷೆ ಮುಗಿಯುವತನಕ ಅಪ್ಪ ಮಂಚದ ಮೇಲೆ ಎದ್ದು ಕೂತಿರುತ್ತಿದ್ದ. ನಾನು ಉಸಿರು ಬಿಗಿಹಿಡಿದಿರುತ್ತಿದ್ದೆ. ಆ ವರ್ಷ ನನಗೆ ಎರಡು ಸಲ ಜ್ವರ ಬಂದು ಹೋಯಿತು, ಯಾರೂ ಅಷ್ಟು ಹೆದರಲಿಲ್ಲ. ನನ್ನ ಮೂಗಿನಿಂದ ಯಾರ ಕಾಲೇಜೂ ನಡೆಯುತ್ತಿರಲಿಲ್ಲವಲ್ಲ ಎಂದು ನನಗೆ ಸಿಟ್ಟೂ ಬರುತ್ತಿತ್ತು.

ಹೆದರಲು ಇನ್ನೊಂದು ಕಾರಣವೂ ಇತ್ತು: ಗಿರೀಶ. ಅವನು ಕೆಮಿಸ್ಟ್ರಿ ಮೇಡಂ ಮಗ, ಅಕ್ಕನದೇ ಕ್ಲಾಸು. ಮೇಡಂ ಆ ಲ್ಯಾಬಿಗೆ ಯಜಮಾನಿ. ಗಂಜಿ ಹಾಕಿದ ಬಿಳಿ ಸೀರೆ, ನಗದ ಮುಖ. ಅವರ ಚಪ್ಪಲಿ ಸದ್ದು ಕೇಳಿದರೆ ಅಪ್ಪ ಬೀಡಿ ಆರಿಸಿ ಕಿವಿಯ ಮೇಲಿಡುತ್ತಿದ್ದ. ಅಪ್ಪ-ಅಕ್ಕ ಕೆಲಸ ಮುಗಿಸಿ ಹೊರಬೀಳುವ ಹೊತ್ತಿಗೆ ಸರಿಯಾಗಿ ಈ ಗಿರೀಶ ಬರುತ್ತಿದ್ದ. ಒಂದು ದಿನ ಅಕ್ಕ ತಿರುಗಿ ಕಿಟಕಿಯಲ್ಲಿ ನೋಡಿದರೆ ಅವನು ಮೇಜುಗಳ ಹತ್ತಿರ ಬಗ್ಗಿ ಏನನ್ನೋ ಹುಡುಕುತ್ತಿದ್ದ.

“ನಮ್ಮ ಮ್ಯಾಲೆ ಕಣ್ಣಿಟ್ಟಾನ ಬೇ,” ಅಂದಳು ಅಕ್ಕ ಮನೆಗೆ ಬಂದು. “ನಾವು ಏನರ ಬಿಟ್ಟು ಹೋಗ್ತೀವೇನು ಅಂತ ನೋಡ್ತಾನ.”

“ತಾಯಿನೇ ಕಳಸಿರ್ತಾಳ,” ಅಂದಳು ಅವ್ವ. ಅವತ್ತಿನಿಂದ ಗಿರೀಶನ ಹೆಸರು ಬಂದಾಗಲೆಲ್ಲ ಅಕ್ಕನಿಗೆ ಉಪ್ಪು-ಮೆಣಸಿನಕಾಯಿ ಇಳಿದೆಗೆದು ಬೆಂಕಿಗೆ ಹಾಕುವುದು ಶುರುವಾಯಿತು. ಅಪ್ಪನಿಗೆ ಆ ಮೆಣಸಿನಕಾಯಿ ಘಾಟಿಗೆ ಕಣ್ಣಲ್ಲಿ ನೀರು ಬರುತ್ತಿತ್ತು, ಮೂಗಿಗೆ ಮಾತ್ರ ಏನೂ ತಿಳಿಯುತ್ತಿರಲಿಲ್ಲ.

ಸಂಕ್ರಾಂತಿಗೆ ಅವ್ವ ಕೃಷ್ಣಾ ದಂಡೆಯ ಊರಾದ ಗೂಗಲ್‌ಗೆ ಹರಕೆ ಹೊತ್ತಳು. ದೇವದುರ್ಗದ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ನಾವು ಮೂವರು ಹೋದೆವು. ಎಳ್ಳು ಹಚ್ಚಿಕೊಂಡು ಕೃಷ್ಣೆಯಲ್ಲಿ ಮಿಂದು ಅಲ್ಲಮಪ್ರಭುವಿಗೆ ಕಾಯಿ ಒಡೆಸುವುದು. ಎಲ್ಲರೂ ಹೊಳೆಯಲ್ಲಿ ಮುಳುಗೆದ್ದು ಗಡಗಡ ನಡುಗುತ್ತ ದಂಡೆಗೆ ಬರುತ್ತಿದ್ದರು. ಅಕ್ಕನೂ ಬಂದಳು. ಅವ್ವ ಅವಳನ್ನು ತಿರುಗಿಸಿ ಮತ್ತೆ ನೀರಿಗೆ ಕಳಿಸಿದಳು.

“ಅದು ನಿಂದು ಆತು. ಮೂಗಿನ ಸಲುವಾಗಿ ಇನ್ನಷ್ಟು ಮುಳುಗು.”

ಅಕ್ಕ ತುಟಿ ನೀಲಿಗಟ್ಟುವ ತನಕ ಮುಳುಗಿದಳು. ದಂಡೆಯ ಮೇಲೆ ಅವ್ವ ಕೈ ಮುಗಿದು, ನನ್ನ ಮಗಳ ಮೂಗು ಕಾಯಪ್ಪ ಎಂದು ಬೇಡುತ್ತಿದ್ದಳು. ಮೂಗು ಕಾಯಲು ಹೋಗಿ ಮೂಗು ಕಟ್ಟಿಸಿಕೊಂಡು ಬಂದೆವು. ಬಸ್ಸಿನಲ್ಲೇ ಅಕ್ಕ ಸೀನತೊಡಗಿದಳು. ಅವ್ವ ಒಂದೊಂದು ಸೀನಿಗೂ ಒಂದೊಂದು ದೇವರ ಹೆಸರು ಹೇಳಿದಳು.

ಮರುದಿನ ಬೆಳಿಗ್ಗೆ ಅವ್ವ ಇಂಗಿನ ಡಬ್ಬಿ ಹಿಡಿದಾಗ ಅಕ್ಕನ ಕಣ್ಣಲ್ಲಿ ನೀರು.

“ಏನೂ ಬರವಲ್ದು ಬೇ.”

ಅವತ್ತು ಪ್ರ್ಯಾಕ್ಟಿಕಲ್ ಇತ್ತು. ಅಪ್ಪ ರಜೆ ಹಾಕುತ್ತೇನೆ ಅಂದ. ಹಬ್ಬದ ಮರುದಿನ ರಜೆ ಹಾಕಿದರೆ ಆಫೀಸಿನವರು ಬೈಯುತ್ತಾರೆ, ಮೇಲಾಗಿ ಬೇರೆ ಯಾರೋ ಬಂದು ಮೂಸದೆ ಗ್ಯಾಸ್ ಬಿಟ್ಟರೆ ಏನು ಗತಿ ಅಂದಳು ಅವ್ವ. ಪಿಸುಮಾತಿನ ಜಗಳ ಸ್ವಲ್ಪ ಹೊತ್ತು ನಡೆಯಿತು. ಆಮೇಲೆ ಅವ್ವ ನನ್ನ ಕಡೆ ತಿರುಗಿದಳು.

“ದುರ್ಗಿ, ಬಾ ಇಲ್ಲಿ. ಕಣ್ಣ ಮುಚ್ಚು.”

ನಾನು ಇಂಗನ್ನೂ ಸೀಮೆಎಣ್ಣೆಯನ್ನೂ ಸರಿಯಾಗಿ ಹೇಳಿದೆ. ಇಷ್ಟು ದಿನ ಯಾರೂ ನನ್ನ ಮೂಗು ಕೇಳಲಿಲ್ಲವೆಂದು ಸಿಟ್ಟಾಗಿದ್ದವಳು ಈಗ ಯಾಕಾದರೂ ಕೇಳಿದರೋ ಅಂದುಕೊಂಡೆ. ಅಪ್ಪನ ಬೆರಳು ಹಿಡಿದು ಒಡಕಿನಿಂದ ಆಚೆ ಹೋದೆ. ಯಾರಾದರೂ ಕೇಳಿದರೆ ಅಪ್ಪನಿಗೆ ಬುತ್ತಿ ತಂದಿದ್ದೆ ಅನ್ನಬೇಕೆಂದು ಅವ್ವ ಹೇಳಿಕೊಟ್ಟಿದ್ದಳು. ಬುತ್ತಿ ಕೊಡಲು ಅವಳೂ ಮರೆತಿದ್ದಳು, ಕೇಳಲು ನಾನೂ ಮರೆತಿದ್ದೆ.

ಲ್ಯಾಬಿನೊಳಗೆ ನಾನು ಹೋದದ್ದು ಅದೇ ಮೊದಲು. ನನ್ನ ಎದೆಯೆತ್ತರದ ಅಗಲವಾದ ಮೇಜುಗಳು, ಕಂದು ಕಲೆಗಳು, ಗಾಜಿನೊಳಗೆ ನೀಲಿ ಹಸಿರು ನೀರು. ಎಲ್ಲ ಕಡೆಯಿಂದಲೂ ವಾಸನೆಯೇ. ಅದರಲ್ಲಿ ಅಪ್ಪನ ಅಂಗಿಯ ನಾತ ಯಾವುದು, ಬಾಟಲಿಯದು ಯಾವುದು, ಗ್ಯಾಸಿನದು ಯಾವುದು. ಗ್ಯಾಸು ಕೊಳೆತ ಎಲೆಕೋಸಿನಂತೆ ಇರುತ್ತದೆ ಎಂದು ಅಕ್ಕ ಹೇಳಿಕೊಟ್ಟಿದ್ದಳು.

“ಅಂಜಬ್ಯಾಡ ಯವ್ವಾ,” ಅಂದ ಅಪ್ಪ. “ಬರೇ ಮೂಸು. ಬಂದ್ರ ಕೆಮ್ಮು.”

ವಾಲ್ವ್ ತಿರುಗಿದ ಸದ್ದು ಕೇಳಿತು. ನಾನು ಸ್ಟೂಲು ಎಳೆದುಕೊಂಡು ಹತ್ತುತ್ತ ಇಳಿಯುತ್ತ ಒಂದೊಂದೇ ನಳ ಮೂಸಿದೆ. ಕಿಟಕಿ ಕಡೆಯ ಸಾಲಿನಲ್ಲಿ ಒಂದು ನಳದ ಹತ್ತಿರ ಬಗ್ಗಿದಾಗ ಏನೋ ಬಂತು. ಇದ್ದದ್ದೋ, ಹೆದರಿಕೆಗೆ ಹಾಗನ್ನಿಸಿದ್ದೋ ತಿಳಿಯಲಿಲ್ಲ. ಮತ್ತೆ ಮೂಸಿದೆ. ಎಲೆಕೋಸು. ಕೆಮ್ಮಬೇಕು, ಆದರೆ ಕೆಮ್ಮು ಬರಲಿಲ್ಲ. ಅದೇ ಹೊತ್ತಿಗೆ ಬಾಗಿಲಲ್ಲಿ ಚಪ್ಪಲಿ ಸದ್ದಾಯಿತು. ಬಿಳಿ ಸೀರೆ. ಗಿರೀಶ ಅವತ್ತು ಕಾಲೇಜಿನ ಟೀಮಿನ ಜೊತೆ ದೇವದುರ್ಗಕ್ಕೆ ವಾಲಿಬಾಲ್ ಆಡಲು ಹೋಗಿದ್ದನಂತೆ. ಮೇಡಂ ಒಬ್ಬರೇ ಬಂದಿದ್ದರು.

“ಯಾರು ಈ ಹುಡುಗಿ, ಹನುಮಂತ?”

ಬುತ್ತಿಯ ಮಾತು ನನ್ನ ಬಾಯಿಗೆ ಬರಲಿಲ್ಲ. ಬಂದದ್ದು ನಿಜ.

“ವಾಸನಿ ಬರಾಕತ್ತದರೀ, ಮೇಡಂ.”

ಅಪ್ಪ ಓಡಿ ಹೋಗಿ ವಾಲ್ವ್ ಬಂದ್ ಮಾಡಿದ. ಮೇಡಂ ನೇರ ನನ್ನ ಹತ್ತಿರ ಬಂದರು. “ಎಲ್ಲಿ? ಯಾವ ಕಡಿ?” ಅಂದರು. ನಾನು ಕೈ ತೋರಿಸಿದೆ. ಅವರು ನನ್ನ ಭುಜದ ಪಕ್ಕ ಬಗ್ಗಿ ನಳಕ್ಕೆ ಮೂಗು ಹಚ್ಚಿದರು. ಅಷ್ಟರಲ್ಲಿ ನಾತ ಎಷ್ಟಿತ್ತೆಂದರೆ ನನಗೆ ಓಕರಿಕೆ ಬರುತ್ತಿತ್ತು. ಮೇಡಂ ಉಸಿರೆಳೆದುಕೊಂಡರು, ಮತ್ತೊಮ್ಮೆ ಎಳೆದುಕೊಂಡರು. ಮುಖದಲ್ಲಿ ಒಂದು ಸುಕ್ಕಿಲ್ಲ. ಟ್ರಂಕಿಗೆ ಒರಗಿ ರೊಟ್ಟಿ ತಿನ್ನುತ್ತಿದ್ದ ಅಪ್ಪನ ಮುಖ ಅದು. ಅವರು ಮೆಲ್ಲಗೆ ಕಣ್ಣು ಹೊರಳಿಸಿ, ನಾನು ನೋಡಿದೆನೋ ಇಲ್ಲವೋ ಎಂದು ನನ್ನನ್ನು ನೋಡಿದರು. ನಾನು ನೋಡಿದ್ದೆ.

ಕಿಟಕಿಗಳನ್ನೆಲ್ಲ ತೆಗೆಸಿ, ಗಾಳಿಯಾಡಿದ ಮೇಲೆ ಮೇಡಂ ಸಬಕಾರದ ನೊರೆ ತರಿಸಿ ಆ ನಳದ ಬುಡಕ್ಕೆ ಬ್ರಶ್ಶಿನಿಂದ ಹಚ್ಚಿದರು. ಅಪ್ಪ ವಾಲ್ವನ್ನು ಕೂದಲೆಳೆಯಷ್ಟು ತಿರುಗಿಸಿದ. ನೊರೆಯಲ್ಲಿ ಒಂದು ಗುಳ್ಳೆ ಎದ್ದು, ದೊಡ್ಡದಾಗುತ್ತ ಹೋಗಿ, ಒಡೆಯಿತು. ಆ ಹೊತ್ತಿಗೆ ಹೊರಗೆ ವರಾಂಡದಲ್ಲಿ ಹುಡುಗ ಹುಡುಗಿಯರ ಮಾತು, ನಗು ಕೇಳತೊಡಗಿತ್ತು. ಯಾರೋ ಕಡ್ಡಿಪೆಟ್ಟಿಗೆ ಅಲುಗಾಡಿಸುತ್ತಿದ್ದ ಸದ್ದೂ ಕೇಳಿತು. ಅಪ್ಪ ವಾಲ್ವ್ ಪೂರ್ತಿ ಬಂದ್ ಮಾಡಿದ.

“ಇವತ್ತು ಪ್ರ್ಯಾಕ್ಟಿಕಲ್ ಇಲ್ಲ ಅಂತ ಬೋರ್ಡಿನ ಮ್ಯಾಲೆ ಬರಿ,” ಅಂದರು ಮೇಡಂ. ಹೊರಡುವಾಗ ನನ್ನ ಕಡೆ ಬೆರಳು ಮಾಡಿದರು. “ನಾಳೆ ಈಕಿನ್ನ ಕರಕೊಂಡು ಬಾ.”

ಆ ದಿನ ಮನೆಯಲ್ಲಿ ಯಾರಿಗೂ ಅನ್ನ ಸೇರಲಿಲ್ಲ. ನಾಳೆ ಕರಕೊಂಡು ಬಾ ಅಂದರೆ ಎಲ್ಲಿಗೆ, ಪ್ರಿನ್ಸಿಪಾಲರ ಕೋಣೆಗೋ? ಅವ್ವ ನನ್ನನ್ನು ಮತ್ತೆ ಮತ್ತೆ ಕೇಳಿದಳು, ಏನಂದ್ರು, ಹೆಂಗ ಅಂದ್ರು. ಅಪ್ಪ ಅವತ್ತು ಪಿಸುಗುಟ್ಟಲಿಲ್ಲ.

“ನಾಳೆ ನಾನೇ ಹೇಳಾಂವ. ಎಂಥೆಂಥಾ ಮಂದಿ ಮಕ್ಕಳು ಬರ್ತಾರ ಅಲ್ಲಿ. ನಿನ್ನ ಮಗಳೂ ಅಲ್ಲೇ ಇರ್ತಾಳ.”

“ಹೇಳ್ರಿ. ಹೇಳಿ ಬರ್ರಿ. ನಾ ಈಕಿ ಅರಿವಿ ಗಂಟು ಕಟ್ಟಿ ಇಟ್ಟಿರ್ತೀನಿ, ಜಾಲಹಳ್ಳಿಗೆ.”

“ಹೇಳು ಯಪ್ಪಾ,” ಅಂದಳು ಅಕ್ಕ, ಕಟ್ಟಿದ ಮೂಗಿನಲ್ಲೇ. “ನನಗೂ ಸಾಕಾಗ್ಯಾದ. ದಿನಾ ಮುಂಜಾನಿ ಎದಿ ಹಾರ್ತದ. ಓದಿದ್ದೊಂದೂ ತಲ್ಯಾಗ ನಿಂದ್ರವಲ್ದು.”

ಮೂವರೂ ಅಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

“ಮೇಡಂಗೂ ವಾಸನಿ ತಿಳಿಯೂದಿಲ್ಲ ಯವ್ವಾ. ಅಪ್ಪನಂಗನ.”

ನಾನು ಕಂಡದ್ದನ್ನೆಲ್ಲ ಹೇಳಿದೆ. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು; ಒರೆಸಿಕೊಂಡಾಗ ಅಲ್ಲಿ ಬೇರೆಯೇ ಮುಖವಿತ್ತು.

“ಹಂಗಂದ್ರ ಇನ್ನ ಯಾತರ ಅಂಜಿಕಿ? ಆಕಿ ಜುಟ್ಟು ನಮ್ಮ ಕೈಯಾಗ ಬಂತು. ನಮ್ಮದು ಆಕಿ ಎತ್ತಿದ್ರ ಆಕಿದು ನಾವು ಎತ್ತೂದು.”

ಅಪ್ಪ ಅವಳ ಕಡೆ ತಿರುಗಿದ. ಅವನು ಅವ್ವನ ಮೇಲೆ ಕೈಯೆತ್ತಿದವನಲ್ಲ, ಆ ದಿನವೂ ಎತ್ತಲಿಲ್ಲ.

“ಆಕಿಗೂ ಒಬ್ಬ ಮಗ ಅದಾನ. ಅಂವಂದೂ ಮಾಫಿನ,” ಅಂದ.

ಮೇಡಂ ಗಂಡ ತೀರಿಕೊಂಡವರೆಂದೂ, ಅವರದೂ ಅಪ್ಪನಂತೆಯೇ ಮ್ಯಾನೇಜ್‌ಮೆಂಟು ಬೇಡವೆಂದರೆ ಮುಗಿಯುವ ನೌಕರಿಯೆಂದೂ ನಮಗೆ ಗೊತ್ತಾದದ್ದು ಆಗಲೇ. ಅವ್ವ ತಲೆ ತಗ್ಗಿಸಿ ಜೋಳ ಹಸನು ಮಾಡಲು ಕೂತಳು.

ಬೆಳಿಗ್ಗೆ ಲ್ಯಾಬಿನಲ್ಲಿ ಮೇಡಂ ನಮಗಿಂತ ಮೊದಲೇ ಬಂದಿದ್ದರು. ಅಪ್ಪ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದ, ಗುಡಿಗೆ ಹೋದಂತೆ. ನಾನು ಅವನ ಹಿಂದೆ ಅಂಗಿ ಹಿಡಿದು ನಿಂತೆ.

“ಮೇಡಂ, ನನ್ನ ಮೂಗು ಹೋಗ್ಯಾದರೀ. ಇಷ್ಟು ದಿನ ಮಗಳ ಮೂಗಿನ ಮ್ಯಾಲೆ ನಡಸೀನಿ. ಮಾಫಿ ಹೋಗ್ತದ ಅಂತ ಮುಚ್ಚಿಟ್ಟೆ. ನಿನ್ನಿ ಆಗಿದ್ದು ನೋಡಿದ ಮ್ಯಾಲೆ ಮುಚ್ಚಿಡಾಕ ಆಗವಲ್ದು. ನೀವು ಏನು ಮಾಡಿದ್ರೂ ನನ್ನ ತಕರಾರು ಇಲ್ಲ.”

ಮೇಡಂ ಮೂಲೆಯ ಮೂರು ಗುಂಡಿನ ಗಾಜಿನ ಪಾತ್ರೆಯ ಕಡೆ ನೋಡಿದರು. ನಾನು ಅಪ್ಪನ ಅಂಗಿಯನ್ನು ಇನ್ನೂ ಬಿಗಿಯಾಗಿ ಹಿಡಿದೆ.

“ಅದರ ಮುಂದ ನಾನೂ ನಿನ್ನಷ್ಟ ವರ್ಷ ನಿಂತೀನಿ, ಹನುಮಂತ,” ಅಂದರು. “ನೀ ಹೇಳಿದಿ. ನನಗ ಹೇಳಾಕ ಧೈರ್ಯ ಆಗಿದ್ದಿಲ್ಲ,” ಅಂದರು.

ಅವರು ಪ್ರಿನ್ಸಿಪಾಲರ ಹತ್ತಿರ ಹೋಗಿ ತಮ್ಮದನ್ನು ಎಷ್ಟು ಹೇಳಿದರೋ, ಅಪ್ಪನದನ್ನು ಎಷ್ಟು ಹೇಳಿದರೋ ನನಗೆ ಇಂದಿಗೂ ಗೊತ್ತಿಲ್ಲ. ಆಫೀಸಿನಿಂದ ಕರೆ ಬಂದೇ ಬರುತ್ತದೆ ಎಂದು ನಾವು ದಿನಾ ಕಾದೆವು. ಕಾಂಪೌಂಡಿನ ಒಡಕಿನಲ್ಲಿ ಯಾರ ನೆರಳು ಸುಳಿದರೂ ಅವ್ವ ಎದ್ದು ನಿಲ್ಲುತ್ತಿದ್ದಳು. ಕರೆ ಬರಲಿಲ್ಲ. ಆ ಗಾಜಿನ ಪಾತ್ರೆಯನ್ನು ಹೊರಗಿನ ಶೆಡ್ಡಿಗೆ ಸಾಗಿಸಿದರು. ಲ್ಯಾಬಿನಲ್ಲಿ ಹೊಸ ನಿಯಮ ಬಂತು: ಪ್ರತಿ ಪ್ರ್ಯಾಕ್ಟಿಕಲ್ಲಿಗೆ ಇಬ್ಬರು ವಿದ್ಯಾರ್ಥಿಗಳು ಸರತಿಯಂತೆ ಎಲ್ಲ ನಳಗಳನ್ನು ಮೂಸಬೇಕು, ನೊರೆ ಹಚ್ಚಬೇಕು, ಅವರು ಸರಿ ಅನ್ನುವತನಕ ಯಾರೂ ಕಡ್ಡಿ ಗೀರುವಂತಿಲ್ಲ. ಅಕ್ಕ ಡಿಗ್ರಿ ಮುಗಿಸಿದಳು. ಈಗ ಮಾನ್ವಿಯಲ್ಲಿ ಅದೇ ಕೆಮಿಸ್ಟ್ರಿ ಕಲಿಸುತ್ತಾಳೆ. ಕರೋನಾದಲ್ಲಿ ಅವಳಿಗೂ ನನಗೂ ವಾಸನೆ ಹೋಗಿ ಇಬ್ಬರೂ ಫೋನಿನಲ್ಲಿ ಅತ್ತಾಗ, “ಅಂಜಬ್ಯಾಡ್ರಿ, ರೂಢಿ ಆಗ್ತದ,” ಎಂದು ಅಪ್ಪ ನಕ್ಕಿದ್ದ. ಅವ್ವ ಮಾತ್ರ ಈಗಲೂ ಅನ್ನುತ್ತಾಳೆ, ಫೀ ಮಾಫ್ ಆತು, ಅಂಜಿಕಿ ಮಾಫ್ ಆಗಲಿಲ್ಲ ಎಂದು.

ಹೊಸ ನಿಯಮದ ಮೊದಲ ದಿನ ಮೇಡಂ ಕರೆದದ್ದು ಎರಡು ಹೆಸರು, ಶಾಂತಾ ಮತ್ತು ಗಿರೀಶ. ಅಕ್ಕನ ನೆಗಡಿ ಅಷ್ಟರಲ್ಲಿ ಬಿಟ್ಟಿತ್ತು. ಒಂದು ಕಡೆಯಿಂದ ಅವಳು, ಇನ್ನೊಂದು ಕಡೆಯಿಂದ ಅವನು ನಳಗಳಿಗೆ ಬಗ್ಗುತ್ತ ಬಂದರಂತೆ. ಮೇಡಂ ಕಪ್ಪುಹಲಗೆಯ ಹತ್ತಿರ, ಅಪ್ಪ ವಾಲ್ವಿನ ಹತ್ತಿರ. ಇಬ್ಬರೂ ಸರಿ ಅಂದ ಮೇಲೆ ಮೊದಲ ಕಡ್ಡಿಯನ್ನು ಅಪ್ಪನೇ ಗೀರಿದ. ಇತ್ತ ಹಿತ್ತಲ ಬಾಗಿಲಲ್ಲಿ ಅವ್ವ ಆರಿದ ಸ್ಟೋವಿನ ಮುಂದೆ ಕಡ್ಡಿಪೆಟ್ಟಿಗೆ ಹಿಡಿದು ಕೂತಿದ್ದಳು. ನನಗೆ ಅವತ್ತು ಸ್ಕೂಲಿಗೆ ಉಪವಾಸವೇ ಹೋಗಬೇಕಾಯಿತು.

ಸಂಜೆ ಅಕ್ಕ ಬಂದ ಕೂಡಲೇ ಅವ್ವ ಕೇಳಿದಳು.

“ಆ ಹುಡುಗ ನೆಟ್ಟಗ ಮೂಸಿದನೇನು?”

“ನನಗಿಂತ ಚೊಲೋ ಮೂಸಿದ ಬೇ. ನಳದ ಬುಡಕ್ಕ ಮೂಗು ಹಚ್ಚಿ, ಕಣ್ಣು ಮುಚ್ಚಿ. ಅಂವಗೂ ನನ್ನಂಗ ದಿನಾ ಮೂಸಿ ರೂಢಿ ಅದ.” ಅಕ್ಕ ಓಢಣಿ ತೆಗೆದು ಗೂಟಕ್ಕೆ ಹಾಕಿದಳು. “ಕಡೀ ನಳದ ಹತ್ರ ಎದುರುಬದುರು ಬಂದ್ವಿ. ಅಂವನ ಕಿಸೆದಾಗಿಂದ ಅಜವಾನದ ವಾಸನಿ ಬಂತು. ಹುರದ ಅಜವಾನ.”

ಅವ್ವ ಎದ್ದು ಸ್ಟೋವ್ ಹಚ್ಚಿ ಹಂಚು ಇಟ್ಟಳು. ಗಡಿಗೆಯಿಂದ ಅಜವಾನ ಸುರಿದು ಹುರಿಯತೊಡಗಿದಳು. ಹಳೆಯ ಬಿಳಿ ಪಂಚೆಯಿಂದ ಎರಡು ತುಂಡು ಅರಿವೆ ಹರಿದಳು.

“ಒಂದು ಆ ಹುಡುಗಗ ಕೊಡು,” ಅಂದಳು ನಮ್ಮ ಕಡೆ ನೋಡದೆ. “ಜಾಲಹಳ್ಳಿದು. ಪ್ಯಾಟಿ ಅಜವಾನದಾಗ ಘಾಟು ಇರೂದಿಲ್ಲ.”

ಮನೆಯೆಲ್ಲ ಅಜವಾನದ ಹೊಗೆ ತುಂಬಿತು. ಅಪ್ಪ ಮಿಂದು ಬಂದು ಎಂದಿನಂತೆ ಹೊಸ್ತಿಲ ಮೇಲೆ ನಿಂತ. ನಾವು ಅವನನ್ನೇ ನೋಡುತ್ತಿದ್ದೆವು. ಅವನು ಮೂಗು ಎತ್ತಲಿಲ್ಲ, ಘಮ್ ಅನ್ನಲಿಲ್ಲ.

“ಏನು ಹುರಿಯಾಕತ್ತಿ?” ಎಂದು ಕೇಳಿದ.

“ಅಜವಾನರಿ,” ಅಂದಳು ಅವ್ವ.